ಧೂಳು ಹಿಡಿದ ಕಾರಿನ ನಾಲ್ಕು ಟಯರ್

ಆ ವರ್ಷದ ಮೊದಲ ಮಂಜು ಬಿದ್ದ ಬೆಳಿಗ್ಗೆ ನನ್ನ ಗಂಡ ಅಲ್ ಐನ್ ರಸ್ತೆಯಿಂದ ಫೋನ್ ಮಾಡಿದರು. “ಎಂತದೂ ಆಗಲಿಲ್ಲ. ಆದ್ರೆ ಕಾರು ಯಾವ ಕಡೆ ಮುಖ ಮಾಡಿ ನಿಂತದ್ದು ಅಂತ ಗೊತ್ತಾಗುದಿಲ್ಲ ಮಾರಾಯ್ತಿ,” ಅಂದರು.

ಮುಂದಿದ್ದ ಲಾರಿಯ ಕೆಂಪು ದೀಪ ಕಂಡು ಬ್ರೇಕ್ ಒತ್ತಿದ್ದರಂತೆ. ರಸ್ತೆ ಒದ್ದೆಯಾಗಿತ್ತು, ಟಯರ್ ಸವೆದು ನುಣ್ಣಗಾಗಿತ್ತು. ಕಾರು ಜಾರಿ, ಗಿರ್ರನೆ ತಿರುಗಿ, ರಸ್ತೆಯಂಚಿನ ಮರಳಿಗಿಳಿದು ನಿಂತಿತ್ತು. ಸುತ್ತಲೂ ಬಿಳಿ. ಗಾಡಿಗಳು ಓಡುವ ಸದ್ದು ಕೇಳುತ್ತಿತ್ತು, ಒಂದೂ ಕಾಣುತ್ತಿರಲಿಲ್ಲ. ಸದ್ದು ಎಡದಿಂದ ಬರುತ್ತಿದೆಯೋ ಬಲದಿಂದಲೋ ತಿಳಿಯದೆ ಅವರು ಅರ್ಧ ಗಂಟೆ ಒಳಗೇ ಕೂತಿದ್ದರು. ಅಷ್ಟೂ ಹೊತ್ತು ನಾನು ಫೋನ್ ಇಡಲಿಲ್ಲ. ಅವರ ಉಸಿರಿನ ಹಿಂದೆ ಗಾಡಿಗಳು ಹಾದುಹೋಗುವುದು ನನಗೂ ಕೇಳುತ್ತಿತ್ತು.

ಅವರು ಅಲ್ ಐನ್‌ನ ಒಂದು ಶಾಲೆಯಲ್ಲಿ ಫಿಸಿಕ್ಸ್ ಮೇಷ್ಟ್ರು. ನಾನು ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಮನೆಗೆ ಹತ್ತಿರದ ಕ್ಲಿನಿಕ್ಕೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಎರಡೂ ಕೆಲಸ ಉಳಿಯಬೇಕಾದರೆ ಅವರು ದಿನಾ ಬೆಳಿಗ್ಗೆ ಐದಕ್ಕೆ ಹೊರಡಲೇಬೇಕಿತ್ತು. ಚಳಿಗಾಲದಲ್ಲಿ ಆ ಹೊತ್ತಿಗೆ ಮರುಭೂಮಿಯ ನಡುವೆ ಮಂಜು ಗೋಡೆಯ ಹಾಗೆ ನಿಂತಿರುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆಂದೇ ಬೇರೆ ಟಯರ್ ಹಾಕುತ್ತಾರಂತೆ. “ನಮಗೂ ಈಗ ಚಳಿಗಾಲದ ಟಯರ್ ಬೇಕು,” ಎಂದು ಇವರು ಆ ಸಂಜೆ ನಗಲು ನೋಡಿದರು.

ಜನವರಿಯಲ್ಲಿ ಮುಲ್ಕಿಯಾ ನವೀಕರಿಸುವುದೂ ಇತ್ತು. ಕಾರಿನ ನೋಂದಣಿ ಕಾರ್ಡಿಗೆ ಇಲ್ಲಿ ಹಾಗೆನ್ನುತ್ತಾರೆ. ಮೂಲ್ಕಿಯ ಪಕ್ಕದ ಊರಿನವಳಾದ ನನಗೆ ಮೊದಲ ಸಲ ಕೇಳಿದಾಗ ನಗು ತಡೆಯಲಾಗಿರಲಿಲ್ಲ. ಅದಕ್ಕೆ ಮುಂಚೆ ಕಾರಿನ ತಪಾಸಣೆಯಾಗಬೇಕು, ಟಯರ್ ಐದು ವರ್ಷಕ್ಕಿಂತ ಹಳೆಯದಾದರೆ ಫೇಲು. ನಮ್ಮದಕ್ಕೆ ಆರು ತುಂಬಿತ್ತು. ಮನೆ ಬಾಡಿಗೆಯ ಚೆಕ್ಕು, ಮಗಳ ಶಾಲೆಯ ಫೀಸು ಒಂದೇ ತಿಂಗಳಲ್ಲಿ ಹೋಗಿದ್ದರಿಂದ ನಾಲ್ಕು ಹೊಸ ಟಯರ್ ಕೊಳ್ಳುವ ಮಾತು ನಾವಿಬ್ಬರೂ ಎತ್ತಲಿಲ್ಲ.

ಶನಿವಾರ ಅಲ್ ಕೂಜ್‌ಗೆ ಹೋದೆವು. ಗೋದಾಮುಗಳ ಹಿಂದಿನ ಗಲ್ಲಿಯಲ್ಲಿ ಹಳೆಯ ಟಯರ್ ಮಾರುವ ಅಂಗಡಿಗಳಿವೆ. ಕಾಸರಗೋಡಿನ ವಯಸ್ಸಾದ ಒಬ್ಬರು, ಕನ್ನಡ ಕೇಳಿ ಖುಷಿಯಾಗಿ, ಕಪ್ಪಗೆ ಮಿಂಚುವ ನಾಲ್ಕು ಟಯರ್ ಹೊರಗೆ ಉರುಳಿಸಿದರು. ನಾನು ಮುಟ್ಟಿ ನೋಡಿದೆ, ಬೆರಳಿಗೆ ಕಪ್ಪು ಮೆತ್ತಿತು.

“ಮಗು ಕೂರುವ ಗಾಡಿಯಾ ತಂಗಿ?” ಎಂದು ಕೇಳಿದರು.

“ಹೌದು.”

ಅವರು ಟಯರನ್ನು ಮೊಣಕಾಲಿಗಾನಿಸಿ ಬಗ್ಗಿಸಿ ತೋರಿಸಿದರು. ಪಾಲಿಶಿನ ಕೆಳಗೆ ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. “ಹಾಗಾದ್ರೆ ಬೇಡ. ಬೇರೆಯವರಿಗೆ ಕೊಡ್ತೆ,” ಅಂದರು. ಆ ಬೇರೆಯವರು ಯಾರೋ ಎಂದು ಯೋಚಿಸುತ್ತ ನಾವು ಹಿಂತಿರುಗಿದೆವು.

ನಮ್ಮ ಕಟ್ಟಡದ ಹಿಂದೆ ಮರಳಿನ ಬಯಲಿದೆ. ದುಡ್ಡು ಕೊಟ್ಟು ಪಾರ್ಕಿಂಗ್ ಮಾಡಲಾಗದವರೆಲ್ಲ ಅಲ್ಲಿಯೇ ಕಾರು ನಿಲ್ಲಿಸುವುದು. ಬಯಲಿನ ಮೂಲೆಯಲ್ಲಿ, ಆಗಸ್ಟಿನಲ್ಲಿ ನಾವು ಈ ಮನೆಗೆ ಬಂದಾಗಿನಿಂದಲೂ, ಒಂದು ಬೂದು ಬಣ್ಣದ ಕಾರು ನಿಂತೇ ಇತ್ತು. ನಮ್ಮದೇ ಕಂಪನಿ, ನಮ್ಮದೇ ಮಾಡೆಲ್, ನಮ್ಮದು ಬಿಳಿ ಎಂಬುದಷ್ಟೇ ವ್ಯತ್ಯಾಸ. ಧೂಳು ಹಿಡಿದು ಈಗ ಅದಕ್ಕೆ ಯಾವ ಬಣ್ಣವೂ ಇರಲಿಲ್ಲ. ಗಾಜಿನ ಮೇಲೆ ಯಾರೋ ಬೆರಳಿನಿಂದ ಏನೋ ಬರೆದಿದ್ದರು, ಅದರ ಮೇಲೂ ಧೂಳು ಕೂತಿತ್ತು. ಇಲ್ಲಿ ಇಂಥ ಕಾರುಗಳು ಹೊಸತಲ್ಲ. ಕೆಲಸ ಹೋದವರು, ತಲೆ ತಪ್ಪಿಸಿಕೊಂಡವರು ಬಿಟ್ಟು ಹೋಗುತ್ತಾರೆ. ಮುನಿಸಿಪಾಲಿಟಿಯವರು ನೋಟಿಸ್ ಅಂಟಿಸಿ ಕೆಲವು ವಾರಗಳ ಬಳಿಕ ಎಳೆದುಕೊಂಡು ಹೋಗುತ್ತಾರೆ. ಇದಕ್ಕೆ ಯಾಕೋ ಇನ್ನೂ ನೋಟಿಸ್ ಬಿದ್ದಿರಲಿಲ್ಲ.

ವಾಚ್‌ಮನ್ ನಮ್ಮ ಸವೆದ ಟಯರ್ ನೋಡಿ, ಆಮೇಲೆ ಆ ಕಾರನ್ನು ನೋಡಿ ಹೇಳಿದ: “ಸರ್‌ಜಿ, ಸೇಮ್ ಸೈಜ್. ಟಯರ್ ಏಕ್‌ದಮ್ ನಯಾ. ಮಾಲಿಕ್ ಖಲಾಸ್, ಚಲಾ ಗಯಾ.” ಅಳತೆ ಒಂದೇ, ಟಯರ್ ಹೊಸದು, ಕಾರಿನವನು ಬಿಟ್ಟು ಹೋಗಿದ್ದಾನೆ ಎಂದು ಅವನ ಲೆಕ್ಕ.

ಇವರು ಬಗ್ಗಿ ಧೂಳು ಒರೆಸಿ, ಟಯರ್ ತಯಾರಾದ ವರ್ಷದ ಅಚ್ಚು ಓದಿದರು. ಎರಡು ವರ್ಷವೂ ಆಗಿರದ ಟಯರ್. ಗಾಳಿ ಸ್ವಲ್ಪ ಇಳಿದಿತ್ತು, ಅಷ್ಟೆ. “ಛೆ, ಬೇಡ,” ಎಂದು ಎದ್ದು ಕೈ ಕೊಡವಿಕೊಂಡರು. ನಾನು ನೋಡಿದ್ದು ಬೇರೆಯೇ. ಅಡಿಯಿಂದ ಮುಡಿಯವರೆಗೆ ಧೂಳು ಮುಚ್ಚಿದ್ದ ಆ ಕಾರಿನ ಹಿಂದಿನ ಎಡಬಾಗಿಲ ಹಿಡಿ ಮಾತ್ರ ಸ್ವಚ್ಛವಾಗಿ ಹೊಳೆಯುತ್ತಿತ್ತು. ಯಾಕೆಂದು ಯೋಚಿಸಿದೆ. ಹೇಳಲಿಲ್ಲ. ಹೇಳಿದರೆ ಟಯರಿನ ಮಾತು ಅಲ್ಲಿಗೇ ನಿಂತುಬಿಡುತ್ತಿತ್ತು ಎಂಬುದು ನನಗೆ ಒಳಗೊಳಗೇ ಗೊತ್ತಿತ್ತೆಂದು ಈಗ ಅನಿಸುತ್ತದೆ.

ಈ ಮನೆಯಲ್ಲಿ ನನಗೆ ಮೊದಲಿನಿಂದಲೂ ಒಂದು ಅಳುಕು ಇತ್ತು. ನಾವು ಬರುವಾಗ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೆರೆಗಳಿದ್ದವು, ಮಗುವಿನ ಎತ್ತರ ಅಳೆದದ್ದು. ಪಕ್ಕದಲ್ಲಿ ಕನ್ನಡ ಅಂಕಿಗಳು. ಊರಿನವರೇ ಇದ್ದರಲ್ಲ ಎಂದು ಸಂತೋಷವಾಗಿತ್ತು. ಆದರೆ ಅಕ್ಟೋಬರಿನ ಒಂದು ಮಧ್ಯಾಹ್ನ, ನಾಲ್ಕು ಗಂಟೆಯ ಹೊತ್ತಿಗೆ, ಮಗಳಿಗೆ ಹೋಮ್‌ವರ್ಕ್ ಮಾಡಿಸುತ್ತಿದ್ದಾಗ ನಮ್ಮ ಬಾಗಿಲಿಗೆ ಯಾರೋ ಒರಗಿದ ಸದ್ದಾಯಿತು. ಗಂಟೆ ಬಾರಿಸಲಿಲ್ಲ, ತಟ್ಟಲಿಲ್ಲ. ಒಬ್ಬ ಗಂಡಸಿನ ದನಿ ಕನ್ನಡದಲ್ಲಿ, ತೀರ ಹತ್ತಿರದಿಂದ ಹೇಳಿತು: “ಈಗ ಬಂದೆ ಮಗಾ. ಮನೆಗೆ ಮುಟ್ಟಿದೆ. ಬೀಗ ತೆಗೀಲಿಕ್ಕುಂಟಷ್ಟೆ.”

ಬಾಗಿಲ ಕಿಂಡಿಯಲ್ಲಿ ಇಣುಕಿದೆ. ಮುಖ ಕಾಣಲಿಲ್ಲ. ಎಣ್ಣೆ ಹಚ್ಚಿ ಬಾಚಿದ ತಲೆಯ ಹಿಂಭಾಗ, ಕಿಂಡಿಗೆ ಅಂಟಿಕೊಂಡಂತೆ, ಅಲುಗಾಡದೆ ನಿಂತಿತ್ತು.

ಮಗಳು, “ಅಮ್ಮಾ, ಹೂ ಈಸ್ ಇಟ್?” ಎಂದಳು. ನಾನು ಅವಳ ಬಾಯಿ ಮುಚ್ಚಿದೆ. ಸ್ವಲ್ಪ ಹೊತ್ತಿನ ಬಳಿಕ ಧೈರ್ಯ ಮಾಡಿ ಬಾಗಿಲು ತೆರೆದರೆ ಯಾರೂ ಇಲ್ಲ. ಮೆಟ್ಟಿಲ ಬಳಿ ತೆಂಗಿನೆಣ್ಣೆಯ ವಾಸನೆ ಇತ್ತು. ಆ ಚಳಿಗಾಲದಲ್ಲಿ ಇನ್ನೂ ಮೂರು ನಾಲ್ಕು ಸಲ ಹೀಗಾಯಿತು. ಪ್ರತಿಸಲವೂ ಆ ದನಿ ಮನೆಗೆ ಮುಟ್ಟಿದ್ದೇನೆ ಎಂದೇ ಹೇಳುತ್ತಿತ್ತು. ಇವರಿಗೆ ಹೇಳಿದರೆ, “ಪಕ್ಕದ ಮನೆಗೆ ಬಂದವರು ಯಾರಾದ್ರೂ ಇರ್ಬೇಕು,” ಅಂದರು. ಪಕ್ಕದ ಮನೆಯಲ್ಲಿದ್ದದ್ದು ಫಿಲಿಪೈನ್ಸಿನ ಐದು ಮಂದಿ ಹುಡುಗಿಯರು.

ಮಂಜು ಮತ್ತೆ ಮತ್ತೆ ಬಿತ್ತು. ಇವರು ಹೊರಟ ಮೇಲೆ ಶಾಲೆಗೆ ಮುಟ್ಟಿದೆ ಎನ್ನುವ ಫೋನ್ ಬರುವವರೆಗೂ ನನಗೆ ಒಂದು ತುತ್ತೂ ಇಳಿಯುತ್ತಿರಲಿಲ್ಲ. ಕೊನೆಗೆ ಆ ಮಾತನ್ನೆತ್ತಿದವಳು ನಾನೇ. “ಬಿಟ್ಟು ಹೋದ ಕಾರು. ಹೇಗೂ ಮುನಿಸಿಪಾಲಿಟಿಯವರು ಗುಜರಿಗೆ ಹಾಕ್ತಾರೆ. ನಮ್ಮ ಚಕ್ರ ಅದಕ್ಕೆ ಹಾಕುವಾ, ಅದರದ್ದು ನಮಗೆ. ಯಾರಿಗೆ ನಷ್ಟ ಹೇಳಿ?”

ಇವರು ಗೋಡೆಯ ಕ್ಯಾಲೆಂಡರ್ ನೋಡಿದರು. ಆಮೇಲೆ, “ಭಾನುವಾರ ಬೆಳಿಗ್ಗೆ, ಜನ ಏಳುವ ಮುಂಚೆ,” ಅಂದರು.

ಆ ಭಾನುವಾರವೂ ಮಂಜೇ. ಐದೂವರೆಗೆ ಕೆಳಗಿಳಿದೆವು. ಮಗಳು ಮಲಗಿದ್ದಳು, ಮೂರನೇ ಮಹಡಿಯ ನಮ್ಮ ಕಿಟಕಿಯಲ್ಲಿ ದೀಪ ಉರಿಸಿಯೇ ಬಂದಿದ್ದೆ. ಬೂದು ಕಾರಿನ ಪಕ್ಕದಲ್ಲಿ ನಿಂತು ತಲೆಯೆತ್ತಿದಾಗ ಆ ಹಳದಿ ಬೆಳಕು ಮಂಜಿನ ನಡುವೆ ನೇರ ಎದುರಿಗೇ ಇತ್ತು. ಇಲ್ಲಿಂದ ನಮ್ಮ ಮನೆ ಇಷ್ಟು ಸರಿಯಾಗಿ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಇವರು ಜ್ಯಾಕ್ ಇಟ್ಟು ಸ್ಪ್ಯಾನರ್ ಹಿಡಿದರು. ನಾನು ಮೊಬೈಲಿನ ಬೆಳಕು ಬಿಟ್ಟೆ. ಮೊದಲ ನಟ್ಟು ಕಿರ್ರೆಂದು ಸಡಿಲಾಯಿತು. ನನ್ನ ಬೆಳಕು ಹಿಂದಿನ ಗಾಜಿನ ಮೇಲೆ ಬಿತ್ತು. ಗಾಜಿನ ಮೇಲೆ ಹನಿಗಳು. ಒರೆಸಿದೆ, ಮಂಜಿಗೆ ನೆನೆದ ಧೂಳು ಕೈಗೆ ಬಂತು, ಹನಿಗಳು ಹೋಗಲಿಲ್ಲ. ಹನಿಗಳಿದ್ದದ್ದು ಒಳಗಡೆ. ಉಸಿರಾಡಿದರೆ ಗಾಜಿನ ಮೇಲೆ ಕೂರುತ್ತದಲ್ಲ, ಅಂಥ ಹನಿ.

ಕಾರು ಒಂದಿಷ್ಟು ಅಲುಗಿತು, ಮಲಗಿದ್ದವರು ಮಗ್ಗುಲು ಬದಲಿಸಿದ ಹಾಗೆ. ನಾನು ನೋಡುತ್ತಿದ್ದಂತೆಯೇ ಒಳಗಿನಿಂದ ಒಂದು ಅಂಗೈ ಬಂದು ಗಾಜನ್ನು ದುಂಡಗೆ ಒರೆಸಿತು. ಆ ದುಂಡಿನಲ್ಲಿ ಒಂದು ಕಣ್ಣು.

ಇವರ ಕೈಯಿಂದ ಸ್ಪ್ಯಾನರ್ ಮರಳಿಗೆ ಬಿತ್ತು.

ಹಿಂದಿನ ಬಾಗಿಲು ಮೆಲ್ಲನೆ ತೆರೆಯಿತು. ತೆಂಗಿನೆಣ್ಣೆಯ ವಾಸನೆ. ನಲವತ್ತು ದಾಟಿದ ಒಬ್ಬ ಗಂಡಸು ಕಾಲು ಹೊರಗಿಟ್ಟು ಕೂತ. ನುಣ್ಣಗೆ ಶೇವ್ ಮಾಡಿದ ಮುಖ, ಇಸ್ತ್ರಿ ಮಾಡಿದ ಅಂಗಿ. ಒಳಗೆ ಹ್ಯಾಂಗರಿನಲ್ಲಿ ಇನ್ನೂ ಎರಡು ಅಂಗಿ ತೂಗುತ್ತಿದ್ದವು. ಅವನಿಗೆ ಸಿಟ್ಟೂ ಇರಲಿಲ್ಲ, ಗಾಬರಿಯೂ ಇರಲಿಲ್ಲ. ಜ್ಯಾಕನ್ನು ನೋಡಿ, “ಅಲ್ಲಿ ಇಡ್ಬೇಡಿ. ಮರಳು ಉಂಟಲ್ಲ, ಕುಸೀತದೆ. ಕೆಳಗೆ ಹಲಗೆ ಹಾಕ್ಬೇಕು. ಡಿಕ್ಕಿಯಲ್ಲಿ ಒಂದು ಉಂಟು,” ಅಂದ.

ಅದೇ ದನಿ. ನಮ್ಮ ಬಾಗಿಲ ಹೊರಗಿನದು.

ಇವರು ತೊದಲುತ್ತ, “ಕ್ಷಮಿಸಿ. ಇದು ಬಿಟ್ಟು ಹೋದ ಗಾಡಿ ಅಂತ… ನಾವು ಅಂಥವರಲ್ಲ…” ಎನ್ನುತ್ತಿದ್ದರು.

“ಗೊತ್ತುಂಟು. ನೀವು ಮುನ್ನೂರ ಏಳರವರಲ್ವಾ? ಬೆಳಿಗ್ಗೆ ಐದಕ್ಕೆ ಹೋಗ್ತೀರಿ. ನಿಮ್ಮ ಹಿಂದಿನ ಎರಡು ಟಯರ್ ಪೂರಾ ಹೋಗಿದೆ. ದಿನಾ ನೋಡ್ತೇನೆ.” ಆಮೇಲೆ ನನ್ನ ಕಡೆ ತಿರುಗಿ, “ನಾವು ಅದ್ರಲ್ಲೇ ಇದ್ದದ್ದು, ನಾಲ್ಕು ವರ್ಷ,” ಅಂದ.

ನನಗೆ ಭಯ ಹೋಗಿ ನಾಚಿಕೆ ಬಂತು. ಮೇಲೆ ಬಂದು ಚಹಾ ಕುಡಿಯಿರಿ ಎಂದು ಕರೆದೆ. ಮೂರು ಮಹಡಿ ಹತ್ತಿ ಬಂದವರು ಹೊಸ್ತಿಲಲ್ಲಿ ನಿಂತುಬಿಟ್ಟರು. “ಒಳಗೆ ಬೇಡ. ನನಗೆ ಈ ಬಾಗಿಲು ಸಾಕು,” ಅಂದರು. ಗ್ಲಾಸು ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕೂತರು. ನಾವಿಬ್ಬರೂ ಅಲ್ಲೇ ನೆಲದ ಮೇಲೆ ಕೂತೆವು.

ಉಡುಪಿ ಕಡೆಯವರು. ಕೆಲಸಕ್ಕಿದ್ದ ಹೋಟೆಲು ಮುಚ್ಚಿತಂತೆ. ಹೆಂಡತಿ, ಮಗಳನ್ನು ಊರಿಗೆ ಕಳಿಸಿ, ಇನ್ನೊಂದು ಕೆಲಸ ಸಿಕ್ಕಿದೆ, ಮನೆ ಹಾಗೆಯೇ ಇಟ್ಟುಕೊಂಡಿದ್ದೇನೆ ಎಂದಿದ್ದರು. ಕೆಲಸ ಸಿಗಲಿಲ್ಲ. ವೀಸಾ ಮುಗಿದು ಎಂಟು ತಿಂಗಳಾಗಿತ್ತು. ಮಸೀದಿಯ ಬಳಿ ಮುಖ ತೊಳೆದು, ಲಾಂಡ್ರಿಯವನೊಬ್ಬನ ದಯೆಯಿಂದ ಅಂಗಿ ಇಸ್ತ್ರಿ ಮಾಡಿಸಿ, ಹಗಲೆಲ್ಲ ನಡೆದು, ಸಿಕ್ಕಿದ ಕೆಲಸ ಮಾಡಿ ದಿನ ಕಳೆಯುತ್ತಿದ್ದರು.

“ಮಗಳು ಶಾಲೆಯಿಂದ ಮನೆಗೆ ಬಂದ ಹೊತ್ತಿಗೆ ವಿಡಿಯೋ ಕಾಲ್ ಮಾಡ್ಬೇಕು. ಹಿಂದೆ ಈ ಮನೆ ಬಾಗಿಲು ಕಾಣ್ಬೇಕಲ್ಲ. ನಿಮಗೆ ಹೆದರಿಕೆ ಆಗಿರ್ಬೇಕು ಮೇಡಂ,” ಅಂದರು.

ನಾನು ಇಲ್ಲ ಎಂದು ತಲೆಯಾಡಿಸಿದೆ.

“ಅಡುಗೆಮನೆ ಬಾಗಿಲಲ್ಲಿ ಪೆನ್ಸಿಲಿನ ಗೆರೆ ಉಂಟಾ ಈಗಲೂ?”

“ಉಂಟು. ಒರೆಸಲಿಲ್ಲ.”

ಅವರು ಗ್ಲಾಸಿನೊಳಗೇ ನೋಡುತ್ತ ಕೂತರು. ಟಯರ್ ಹಾಕಿಸಿದ್ದು ಒಮಾನಿನ ಸಲಾಲಾಕ್ಕೆ ಹೋಗಲಿಕ್ಕಂತೆ. ಮಗಳು ಅಲ್ಲಿಯ ಮಳೆ ನೋಡಬೇಕೆಂದಿದ್ದಳು. ಹಾಕಿಸಿ ಹದಿನೈದು ದಿನಕ್ಕೆ ಹೋಟೆಲು ಮುಚ್ಚಿತು. “ನೀವು ತಗೊಳ್ಳಿ. ನನಗೆ ಎಲ್ಲಿಗೂ ಹೋಗ್ಲಿಕ್ಕಿಲ್ಲ,” ಅಂದರು.

ಇವರು ಖಂಡಿತ ಬೇಡವೆಂದರು. ಟಯರಿನ ಮಾತು ಬಿಟ್ಟು, ಕಾನ್ಸುಲೇಟಿಗೆ ಹೋಗುವ, ನಮ್ಮೂರಿನ ಸಂಘದವರಿದ್ದಾರೆ, ಕಾಗದಪತ್ರ ಮಾಡಿಸುವ ಎಂದು ಹೇಳಿದರು. ಅವರು “ನೋಡುವಾ” ಎಂದು ಎದ್ದು, ಖಾಲಿ ಗ್ಲಾಸನ್ನು ಹೊಸ್ತಿಲ ಹೊರಗೇ ಇಟ್ಟು ಇಳಿದು ಹೋದರು.

ಮರುದಿನ ಬೆಳಿಗ್ಗೆ ಐದಕ್ಕೆ ಕೆಳಗೆ ಹೋದ ಇವರು ತಕ್ಷಣ ಫೋನ್ ಮಾಡಿದರು. “ಬಾ, ನೋಡು.” ನಮ್ಮ ಬಿಳಿ ಕಾರು ಆ ನಾಲ್ಕು ಹೊಸ ಟಯರಿನ ಮೇಲೆ ನಿಂತಿತ್ತು. ಗಾಳಿ ತುಂಬಿಸಿತ್ತು, ಧೂಳು ಒರೆಸಿತ್ತು. ನಮ್ಮ ಸವೆದ ಚಕ್ರಗಳು ಬೂದು ಕಾರಿಗೆ ಹೋಗಿದ್ದವು. ಹಲಗೆ ಮರಳಿನಲ್ಲಿ ಒತ್ತಿದ ಗುರುತು ಎಂಟು ಕಡೆ ಇತ್ತು. ಕಾರಿನೊಳಗೆ ಅಂಗಿಗಳಿಲ್ಲ, ಹೊದಿಕೆಯಿಲ್ಲ, ಒಂದು ಚೂರು ಕಾಗದವಿಲ್ಲ. ಮನುಷ್ಯರು ಅಲ್ಲಿ ಎಂದೂ ಇರಲೇ ಇಲ್ಲವೇನೋ ಎಂಬಷ್ಟು ಚೊಕ್ಕಟ.

ಬರುತ್ತಾರೇನೋ ಎಂದು ಒಂದು ವಾರ ಕಾದೆವು. ಸಂಜೆಗಳಲ್ಲಿ ಸುತ್ತಲಿನ ಬೀದಿ, ಮಸೀದಿ, ಲಾಂಡ್ರಿ ಎಲ್ಲ ಕಡೆ ಕೇಳಿದೆವು. ಅಷ್ಟರಲ್ಲಿ ನಮ್ಮ ಕಾರು ತಪಾಸಣೆಯಲ್ಲಿ ಪಾಸಾಯಿತು. ಇನ್‌ಸ್ಪೆಕ್ಟರ್ ಟಯರ್ ನೋಡಿ ಹೆಬ್ಬೆರಳು ಎತ್ತಿದನಂತೆ. ಇವರು ಬಂದು ಅದನ್ನು ಹೇಳಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಂಜಿನಲ್ಲಿ ಕಾರು ಈಗ ಹಿಡಿದಲ್ಲಿ ನಿಲ್ಲುತ್ತಿತ್ತು. ನಾಲ್ಕು ಗಂಟೆಗೆ ನಾನು ಕಿವಿಗೊಟ್ಟು ಕೂರುತ್ತಿದ್ದೆ. ಬಾಗಿಲಿಗೆ ಯಾರೂ ಒರಗಲಿಲ್ಲ.

ಫೆಬ್ರವರಿಯಲ್ಲಿ ಊರಿಂದ ಬಂದ ಒಬ್ಬರು ನಮ್ಮ ಗಂಟೆ ಬಾರಿಸಿದರು. ಕೈಯಲ್ಲಿ ಬಟ್ಟೆಯಲ್ಲಿ ಹೊಲಿದ ಒಂದು ಕಟ್ಟು, ಮೇಲೆ ನಮ್ಮ ಮನೆ ನಂಬರು, ಬೂದು ಕಾರಿನವರ ಹೆಸರು, ಊರಿನ ಒಂದು ಫೋನ್ ನಂಬರು. ತಂದವರು ಕೊಟ್ಟು ಹೊರಟುಹೋದರು. ಸಂಜೆಯವರೆಗೂ ಆ ಕಟ್ಟನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಆಮೇಲೆ ಫೋನ್ ಮಾಡಿದೆ.

ಒಬ್ಬ ಹೆಂಗಸು ಎತ್ತಿದಳು. ನಾನು ಯಾರು, ಎಲ್ಲಿಂದ ಎಂದು ಹೇಳಿದೆ.

ಅವಳು ಶಾಂತವಾಗಿ ಕೇಳಿದಳು: “ನಿಮಗೆ ಸಣ್ಣ ಹುಡುಗಿ ಉಂಟಲ್ವಾ? ಗುಲಾಬಿ ಚಪ್ಪಲಿ ಹಾಕುವವಳು?”

“ಹೌದು. ನಿಮಗೆ ಹೇಗೆ ಗೊತ್ತು?” ಎಂದೆ.

“ಇವರು ವಿಡಿಯೋದಲ್ಲಿ ಮಾತಾಡುವಾಗ ಬಾಗಿಲ ಹೊರಗೆ ಚಪ್ಪಲಿ ಕಾಣ್ತಿತ್ತು. ನಮ್ಮ ಮಗಳಿಗೆ ಆ ಚಪ್ಪಲಿ ಇರ್ಲಿಲ್ಲ. ಅವತ್ತೇ ಗೊತ್ತಾಯ್ತು, ಮನೆ ಈಗ ಬೇರೆಯವರದ್ದು ಅಂತ. ಈಗ ಎರಡು ವಾರದಿಂದ ಬಾಗಿಲೇ ಬೇರೆ. ಹಾಗಾಗಿಯೇ ಕಟ್ಟು ಕಳಿಸಿದ್ದು, ಆ ಮನೆಯವರು ಯಾರಾದ್ರೂ ಫೋನ್ ಮಾಡಿಯಾರು ಅಂತ.” ಮತ್ತೆ ಹೇಳಿದಳು: “ನನಗೆ ಗೊತ್ತುಂಟು ಅಂತ ಅವರಿಗೆ ಹೇಳ್ಬೇಡಿ ಅಕ್ಕ. ಒಮ್ಮೆ ಕರ್ಕೊಂಡು ಹೋಗಿ ವಿಮಾನ ಹತ್ತಿಸಿ. ಸಾಕು.”

ಹಿಂದಿನ ದಿನದ ಕಾಲ್‌ನಲ್ಲಿ ತೆಗೆದಿಟ್ಟುಕೊಂಡಿದ್ದ ಚಿತ್ರವೊಂದನ್ನು ಕಳಿಸಿದಳು. ನಗುವ ಅದೇ ಮುಖ, ಹಿಂದೆ ಕಂದು ಬಾಗಿಲು. ಇಂಟರ್‌ನ್ಯಾಷನಲ್ ಸಿಟಿಯ ಬಾಗಿಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಆದರೆ ಇದರ ಮೇಲೆ ಕೆಂಪು ಕಾಗದದ ಚೀನೀ ಅಲಂಕಾರ ಅಂಟಿಸಿತ್ತು, ಭುಜದ ಹಿಂದೆ ನಂಬರಿನ ಕೊನೆಯ ಎರಡು ಅಂಕಿ ಕಾಣುತ್ತಿತ್ತು.

ಶನಿವಾರ, ಭಾನುವಾರ ನಾವು ಚೀನೀ ಸಂಸಾರಗಳು ಹೆಚ್ಚಿರುವ ಕಟ್ಟಡಗಳನ್ನು ಒಂದೊಂದಾಗಿ ಹತ್ತಿ ಇಳಿದೆವು. ಭಾನುವಾರ ನಾಲ್ಕಕ್ಕೆ, ಒಂದು ಕಟ್ಟಡದ ಎರಡನೇ ಮಹಡಿಗೆ ಮೆಟ್ಟಿಲು ಏರುತ್ತಿದ್ದಾಗ ದನಿ ಕೇಳಿತು: “ಈಗ ಬಂದೆ ಮಗಾ.” ಮೆಟ್ಟಿಲ ತಿರುವಿನಲ್ಲೇ ನಿಂತೆವು. ಪರರ ಬಾಗಿಲಿಗೆ ಬೆನ್ನು ಹಚ್ಚಿ, ಫೋನ್ ಎತ್ತಿ ಹಿಡಿದು, ಅವರು ನಗುತ್ತಿದ್ದರು. ಲೆಕ್ಕದ ಪರೀಕ್ಷೆ ಹೇಗಾಯಿತೆಂದು ಕೇಳುತ್ತಿದ್ದರು. ನಮ್ಮನ್ನು ಕಂಡರೂ ನಗು ನಿಲ್ಲಿಸಲಿಲ್ಲ. ಟಾಟಾ ಹೇಳಿ ಫೋನ್ ಕೆಳಗಿಳಿಸಿದ ಮೇಲೂ ಆ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಉಳಿದಿತ್ತು, ತೆಗೆಯಲು ಮರೆತವರ ಹಾಗೆ. ಅಷ್ಟು ಹೆದರಿಕೆ ನನಗೆ ಆ ಮಂಜಿನ ಬೆಳಿಗ್ಗೆಯೂ ಆಗಿರಲಿಲ್ಲ.

ನಾನು ಕಟ್ಟನ್ನು ಮುಂದೆ ಹಿಡಿದೆ. “ಊರಿಂದ ಬಂದದ್ದು. ನಿಮಗೆ.”

ಹೊಲಿಗೆಯ ಮೇಲೆ ಬೆರಳಾಡಿಸಿ ಯಾರ ಕೈಯದೆಂದು ಗುರುತಿಸಿದರು. ಮೆಟ್ಟಿಲ ಮೇಲೆ ಕೂತರು. “ಅವಳಿಗೆ ಫೋನ್ ಮಾಡಿದ್ರಾ?”

“ಮಾಡಿದೆ.”

ಮುಂದೆ ಏನೂ ಕೇಳಲಿಲ್ಲ. ಅವಳಿಗೆ ಎಲ್ಲ ಗೊತ್ತಿದೆಯೆಂದು ನಾನೂ ಹೇಳಲಿಲ್ಲ. ಇವರು ಅವರ ತೋಳು ಹಿಡಿದು ಎಬ್ಬಿಸಿದರು.

ಕಾಗದಪತ್ರಕ್ಕೆ ಆರು ವಾರ ಹಿಡಿಯಿತು. ಅಷ್ಟು ದಿನ ಅವರು ಅಲ್ ಐನ್‌ನಲ್ಲಿ, ಇವರ ಜೊತೆ ಪಾಠ ಮಾಡುವ ಇನ್ನೊಬ್ಬ ಮೇಷ್ಟ್ರ ರೂಮಿನಲ್ಲಿದ್ದರು. ಬೂದು ಕಾರನ್ನು ಅಷ್ಟರಲ್ಲಿ ಮುನಿಸಿಪಾಲಿಟಿಯವರು ಎಳೆದುಕೊಂಡು ಹೋದರು. ಹೊರಡುವ ದಿನ ನಾವೇ ಏರ್‌ಪೋರ್ಟಿಗೆ ಬಿಟ್ಟೆವು. ದಾರಿಯುದ್ದಕ್ಕೂ ಅವರು ಹಿಂದಿನ ಸೀಟಿನಲ್ಲಿ ನನ್ನ ಮಗಳ ಪಕ್ಕ ಕೂತು, ಅವಳು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಕನ್ನಡದಲ್ಲಿ ಉತ್ತರ ಕೊಟ್ಟರು.

ಇಳಿದು, ಚೀಲ ಹೆಗಲಿಗೇರಿಸಿ, ಕೈಮುಗಿದು ಹೊರಟವರು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದರು. ಬಗ್ಗಿ, ಹಿಂದಿನ ಎಡ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. “ಇದ್ರಲ್ಲಿ ಗಾಳಿ ಸ್ವಲ್ಪ ಕಮ್ಮಿ ಉಂಟು. ಹೋಗುವಾಗ ಹಾಕಿಸಿ,” ಅಂದರು. ಹಿಂದೆ ನಿಂತ ಟ್ಯಾಕ್ಸಿಯವನು ಹಾರ್ನ್ ಹೊಡೆದ. ನಾವು ಹೊರಟು, ಮೊದಲು ಸಿಕ್ಕಿದ ಪೆಟ್ರೋಲ್ ಪಂಪಿನಲ್ಲಿ ಗಾಳಿ ಹಾಕಿಸಿದೆವು.